ಅಂಜೂರದ ಹಣ್ಣಿನೊಳಗೆ ಸತ್ತ ಕಣಜ ಇರುತ್ತದೆಯೇ? ಹಿತ್ತಲಲ್ಲಿ ಬೆಳೆಯುವವರು ತಿಳಿಯಬೇಕಾದದ್ದು

“ಅಂಜೂರ ಸಸ್ಯಾಹಾರವಲ್ಲ, ಪ್ರತಿ ಹಣ್ಣಿನಲ್ಲೂ ಸತ್ತ ಕಣಜದ ಹುಳ ಇರುತ್ತದೆ” ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಹರಿದಾಡುತ್ತದೆ. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಬಳ್ಳಾರಿ ಜಿಲ್ಲೆಗೆ ಆಯ್ಕೆಯಾಗಿರುವುದು ಅಂಜೂರವೇ. ಹಾಗಾಗಿ ಈ ಸಂದೇಶವನ್ನು ನಾವು ಪರಿಶೀಲಿಸಿದೆವು.

ಸಾರಾಂಶ: ಇದು ಅರ್ಧ ಸತ್ಯ. ನಮ್ಮಲ್ಲಿ ಬೆಳೆಯುವ ತಳಿಗಳಿಗೆ ಇದು ಅನ್ವಯಿಸುವುದಿಲ್ಲ.

ಈ ಮಾತು ಎಲ್ಲಿಂದ ಬಂತು?

ಅಂಜೂರದ ಹೂಗಳು ಕಾಯಿಯ ಒಳಗೇ ಇರುತ್ತವೆ. ಟರ್ಕಿಯಲ್ಲಿ ಬೆಳೆಯುವ ಸ್ಮಿರ್ನಾ ಗುಂಪಿನ ತಳಿಗಳಲ್ಲಿ ಪುಟ್ಟ ಕಣಜವೊಂದು ಒಳಹೊಕ್ಕು ಪರಾಗಸ್ಪರ್ಶ ಮಾಡಿ ಅಲ್ಲೇ ಸಾಯುತ್ತದೆ. ಹಣ್ಣು ಮಾಗುವಷ್ಟರಲ್ಲಿ ಅದು ಬಹುಮಟ್ಟಿಗೆ ಕರಗಿಹೋಗುತ್ತದೆ. ನಮ್ಮ ಅತ್ತಿ ಹಣ್ಣನ್ನು ಸೀಳಿದರೂ ಹುಳ ಕಾಣುತ್ತದೆ. ಅತ್ತಿ ಮತ್ತು ಅಂಜೂರ ಒಂದೇ ಕುಲದವು, ಗೊಂದಲ ಹುಟ್ಟುವುದು ಸಹಜ.

ಬಳ್ಳಾರಿ ಅಂಜೂರದಲ್ಲಿ ಏಕೆ ಇಲ್ಲ?

ಬಳ್ಳಾರಿ, ಪೂನಾ, ದಿನಕರ್ ಮುಂತಾದ ತಳಿಗಳು ಪರಾಗಸ್ಪರ್ಶವಿಲ್ಲದೆಯೇ ಹಣ್ಣು ಕಟ್ಟುತ್ತವೆ. ಕಣಜದ ಅಗತ್ಯವೇ ಇಲ್ಲ. ತಿನ್ನುವಾಗ ಹಲ್ಲಿಗೆ ಸಿಗುವುದು ಬೀಜದಂಥ ಕಾಳು, ಹುಳದ ಚೂರಲ್ಲ. ಆದರೆ ಹೆಚ್ಚು ಮಾಗಿ ಒಡೆದ ಹಣ್ಣಿಗೆ ಇರುವೆ, ನೊಣ ಮುತ್ತುತ್ತವೆ. ಆದ್ದರಿಂದ ಸೀಳಿ ನೋಡಿ ತಿನ್ನುವುದು ಒಳ್ಳೆಯದು.

ಹಿತ್ತಲಲ್ಲಿ ಬೆಳೆಯುವುದು ಹೇಗೆ?

• ಬೀಜ ಬೇಡ. ಪೆನ್ಸಿಲ್ ದಪ್ಪದ, 20ರಿಂದ 25 ಸೆಂ.ಮೀ. ಉದ್ದದ ಬಲಿತ ಕಡ್ಡಿಯನ್ನು ಕವರ್‌ನಲ್ಲಿ ಬೇರು ಬರಿಸಿ, ಮಳೆಗಾಲದ ಆರಂಭದಲ್ಲಿ ನೆಡಿ.
• ಬಳ್ಳಾರಿ, ಕುರುಗೋಡಿನ ಬಿಸಿಲು, ಒಣ ಹವೆ ಇದಕ್ಕೆ ಒಗ್ಗುತ್ತದೆ. ನಿಂತ ನೀರು ಮಾತ್ರ ಆಗದು. ಸಿರುಗುಪ್ಪದ ಕಾಲುವೆ ಬಯಲಿನಂಥ ಎರೆ ಮಣ್ಣಿದ್ದರೆ ಮಣ್ಣು ಏರಿಸಿ, ದಿಬ್ಬದ ಮೇಲೆ ನೆಡಿ.
• ಹೊಸ ಚಿಗುರಿನಲ್ಲಿ ಕಾಯಿ ಬರುವುದರಿಂದ ವರ್ಷಕ್ಕೊಮ್ಮೆ ಸವರಿ.
• ಹಣ್ಣಾಗುವಾಗ ನೀರು ಕಡಿಮೆ ಮಾಡಿ, ಹೆಚ್ಚಾದರೆ ಹಣ್ಣು ಒಡೆಯುತ್ತದೆ. ಹಕ್ಕಿಗಳಿಗೆ ಬಲೆ ಹಾಕಿ.
• ಮೆತ್ತಗಾಗಿ ತೊಟ್ಟಿನ ಬಳಿ ಬಾಗಿದ ಮೇಲೆ ಕೀಳಿ. ಕಾಯಿ ಕಿತ್ತಿಟ್ಟರೆ ಸರಿಯಾಗಿ ಹಣ್ಣಾಗದು.

ಹಾಲಿನ ಬಗ್ಗೆ ಎಚ್ಚರ

“ಅಂಜೂರದ ಹಾಲು ಹಚ್ಚಿದರೆ ನರುಲಿ ಉದುರುತ್ತದೆ” ಎಂಬ ಸಲಹೆಯೂ ಹರಿದಾಡುತ್ತದೆ. ಇದನ್ನು ಮನೆಯಲ್ಲಿ ಪ್ರಯೋಗಿಸಬೇಡಿ. ಆ ಹಾಲು ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಏಳಬಹುದು. ಸವರುವಾಗ ಕೈಗವಸು, ತುಂಬು ತೋಳಿನ ಅಂಗಿ ಇರಲಿ. ತಾಗಿದರೆ ತಕ್ಷಣ ಸೋಪು ಹಚ್ಚಿ ತೊಳೆಯಿರಿ. ಬೊಬ್ಬೆ ಎದ್ದರೆ ವೈದ್ಯರಿಗೆ ತೋರಿಸಿ.

ಕೊನೆಯ ಮಾತು: ಅಂಜೂರ ತಿನ್ನುವುದು, ಬಿಡುವುದು ನಿಮ್ಮ ನಂಬಿಕೆಗೆ ಬಿಟ್ಟದ್ದು. ಆದರೆ ಆ ಸಂದೇಶ ನಂಬಿ ಹಿತ್ತಲ ಗಿಡ ಕಡಿಯಬೇಕಿಲ್ಲ.