ಸ್ತನಾರ್ಬುದವೂ ಸ್ವಹಸ್ತಪರೀಕ್ಷೆಯೂ

ಪಾರಸಿಕ ಚಕ್ರವರ್ತಿಯಾದ ದಾರಿಯಸನ ರಾಣಿ ಅಟೋಸಾ. ಮಹಾಪರಾಕ್ರಮಿಯಾದ ಸೈರಸನಿಗೆ ಆಕೆ ಮಗಳು. ಮುಂದೆ ಗ್ರೀಸಿನ ಮೇಲೆ ದಂಡೆತ್ತಿ ಹೋದ ಕ್ಸರ್ಕ್ಸೀಸನಿಗೆ ತಾಯಿ. ಇಂಥವಳ ಸ್ತನದಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಅದು ಚಿಕ್ಕದಾಗಿದ್ದಾಗ ಆಕೆ ನಾಚಿಕೆಯಿಂದ ಯಾರಿಗೂ ಹೇಳದೆ ಮುಚ್ಚಿಟ್ಟಳೆಂದೂ, ಒಡೆದು ಹರಡಿದ ಮೇಲಷ್ಟೇ ಡೆಮೊಸೀಡಿಸನೆಂಬ ಗ್ರೀಕ್ ವೈದ್ಯನನ್ನು ಕರೆಯಿಸಿದಳೆಂದೂ ಕ್ರಿ. ಪೂ. ಐದನೆಯ ಶತಮಾನದ ಇತಿಹಾಸಕಾರನಾದ ಹೆರೊಡೋಟಸನು ಬರೆದಿದ್ದಾನೆ. ವೈದ್ಯನು ತಾನು ಬೇಡಿದುದನ್ನು ನಡೆಯಿಸಿಕೊಡಬೇಕೆಂದು ಮೊದಲು ರಾಣಿಯಿಂದ ಪ್ರಮಾಣ ಮಾಡಿಸಿಕೊಂಡನು. ತನ್ನ ಬೇಡಿಕೆಯು ಆಕೆಯ ಮಾನಕ್ಕೆ ಕುಂದು ತರುವಂಥದಲ್ಲವೆಂದೂ ಅಭಯವಿತ್ತನು. ಬೇನೆ ವಾಸಿಯಾಯಿತು. ಒಡೆದು ವಾಸಿಯಾದುದರಿಂದ ಅದು ಅರ್ಬುದವಾಗಿರದೆ ಕೀವುಗಟ್ಟಿದ ಬಾವಾಗಿದ್ದಿರಬಹುದೆಂದು ಊಹಿಸುವುದು ಯುಕ್ತ. ಅದೇನೇ ಇರಲಿ, ಗಂಟನ್ನು ಮೊದಲು ಅರಿತವಳು ರಾಣಿಯೇ ಎಂಬುದೂ, ಲಜ್ಜೆಯೊಂದೇ ಆಕೆಯ ಬಾಯಿ ಕಟ್ಟಿತೆಂಬುದೂ ಈ ಕಥೆಯಲ್ಲಿ ಗಮನಿಸತಕ್ಕ ಸಂಗತಿಗಳು. ಕೈ ಅರಿತ ಗಳಿಗೆಗೂ ಬಾಯಿ ಹೇಳಿದ ಗಳಿಗೆಗೂ ನಡುವೆ ಕಳೆದುಹೋದ ಕಾಲ ಎಷ್ಟು? ಸ್ತನರೋಗದ ಇತಿಹಾಸವು ಬಹುಮಟ್ಟಿಗೆ ಆ ಕಾಲದ ಇತಿಹಾಸವೇ ಆಗಿದೆ.

ಪ್ರಾಚೀನ ವೈದ್ಯರಿಗೆ ಈ ವ್ಯಾಧಿಯು ಅಪರಿಚಿತವಾಗಿರಲಿಲ್ಲ. ಗ್ರೀಕರು ಇದನ್ನು ಏಡಿಯ ಹೆಸರಿನಿಂದ ಕರೆದರು. ಈಗ ಎಲ್ಲರ ಬಾಯಲ್ಲಿರುವ ಕ್ಯಾನ್ಸರ್ ಎಂಬ ಶಬ್ದವೂ ಲ್ಯಾಟಿನ್ ಭಾಷೆಯ ಏಡಿಯೇ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅರ್ಬುದವು ದುಂಡಗೆ, ಕದಲದೆ, ಆಳವಾಗಿ ಬೇರೂರಿ, ನಿಧಾನವಾಗಿ ಬೆಳೆಯತಕ್ಕದ್ದೆಂದೂ, ಹಣ್ಣಾಗಿ ಕೀವುಗಟ್ಟುವುದಿಲ್ಲವೆಂದೂ, ಅದರಲ್ಲಿ ನೋವು ಮಂದವೆಂದೂ ಹೇಳಿದೆ. ಈ ಕಡೆಯ ಲಕ್ಷಣವೇ ಅನರ್ಥಕ್ಕೆ ಮೂಲ. ಮನೆವಾರ್ತೆಯಲ್ಲಿ ಮುಳುಗಿದ ಹೆಂಗಸು ನೋಯದ ಗಂಟಿಗಾಗಿ ವೈದ್ಯನ ಬಾಗಿಲಿಗೆ ಹೋಗುವುದುಂಟೆ?

ರೋಗಿಯೇ ಬರೆದಿಟ್ಟ ವೃತ್ತಾಂತಗಳಲ್ಲಿ ಇಂಗ್ಲಿಷ್ ಕಾದಂಬರಿಕಾರ್ತಿಯಾದ ಫ್ಯಾನಿ ಬರ್ನಿಯದು ಪ್ರಸಿದ್ಧವಾದುದು. ಫ್ರೆಂಚ್ ಸೇನಾಧಿಕಾರಿಯೊಬ್ಬನನ್ನು ಮದುವೆಯಾಗಿ ಪ್ಯಾರಿಸ್ಸಿನಲ್ಲಿ ನೆಲಸಿದ್ದ ಆಕೆಗೆ 1810ರಲ್ಲಿ ಸ್ತನದಲ್ಲಿ ನೋವು ಕಾಣಿಸಿಕೊಂಡಿತು. ಶಸ್ತ್ರವೈದ್ಯರಿಗೆ ತೋರಿಸೆಂದು ಗಂಡನು ಒತ್ತಾಯಪಡಿಸಿದರೂ ಆಕೆ ದಿನಗಳನ್ನು ಮುಂದೂಡುತ್ತಲೇ ಬಂದಳು. ಕಡೆಗೆ 1811ರ ಸೆಪ್ಟೆಂಬರ್ 30ರಂದು, ಆಕೆಯ 59ನೆಯ ವಯಸ್ಸಿನಲ್ಲಿ, ನೆಪೋಲಿಯನ್ನನ ಸೈನ್ಯದ ಹೆಸರಾಂತ ಶಸ್ತ್ರವೈದ್ಯನಾದ ಲಾರೆಯು ಆಕೆಯ ಮನೆಯಲ್ಲಿಯೇ ಶಸ್ತ್ರಕ್ರಿಯೆಯನ್ನು ನಡೆಯಿಸಿದನು. ಈಥರಿನಿಂದ ರೋಗಿಯನ್ನು ಮೈಮರೆಯಿಸುವ ವಿಧಾನವು ವೈದ್ಯಲೋಕದಲ್ಲಿ ಪ್ರಚಾರಕ್ಕೆ ಬಂದುದು 1846ರಲ್ಲಿ. ಆದಕಾರಣ ಆಕೆಗೆ ದೊರೆತುದು ಒಂದು ಗುಟುಕು ಮದ್ಯ, ಮುಖದ ಮೇಲೆ ಒಂದು ತೆಳುವಾದ ಕರವಸ್ತ್ರ, ಇಷ್ಟು ಮಾತ್ರ. ಆ ವಸ್ತ್ರದ ಮೂಲಕ ಉಕ್ಕಿನ ಹೊಳಪು ಆಕೆಗೆ ಕಾಣುತ್ತಿದ್ದಿತು. ಸ್ತನವನ್ನು ಯಾರು ಹಿಡಿದುಕೊಳ್ಳುವರೆಂದು ಲಾರೆಯು ಕೇಳಿದಾಗ ನೆರೆದಿದ್ದವರಲ್ಲಿ ಒಬ್ಬನೂ ಉತ್ತರ ಕೊಡಲಿಲ್ಲ. ಆಗ ಆಕೆ ತಾನೇ ಎದ್ದು, ಸ್ತನವನ್ನು ತನ್ನ ಕೈಯಿಂದ ಹಿಡಿದು, ನೋವು ಎಲ್ಲೆಲ್ಲಿ ಹರಡಿದರೂ ಅದರ ಮೂಲ ಒಂದೇ ಸ್ಥಳದಲ್ಲಿದೆಯೆಂದು ತೋರಿಸಿಕೊಟ್ಟಳು. ವೈದ್ಯರು ಮೌನವಾಗಿ ಕೇಳಿದರು. ಬಳಿಕ ಒಬ್ಬನ ಬೆರಳು ಗಾಳಿಯಲ್ಲಿ ಒಂದು ನೆಟ್ಟಗೆರೆಯನ್ನೂ ಅದರ ಮೇಲೊಂದು ಅಡ್ಡಗೆರೆಯನ್ನೂ ಸುತ್ತ ಒಂದು ವೃತ್ತವನ್ನೂ ಎಳೆಯಿತು. ಇಡಿಯ ಸ್ತನವನ್ನು ತೆಗೆಯತಕ್ಕದ್ದೆಂದು ಅದರ ಅರ್ಥ. ಈ ಸಂಗತಿಯನ್ನು ತನ್ನ ಅಕ್ಕನಿಗೆ ಬರೆದು ಮುಗಿಸಲು ಆಕೆಗೆ ತಿಂಗಳುಗಳೇ ಹಿಡಿದುವು. ಆಕೆ 1840ರವರೆಗೆ ಬದುಕಿದ್ದಳೆಂಬುದು ಓದುಗರಿಗೆ ಸಮಾಧಾನದ ಮಾತು.

ಮೂರ್ಛೌಷಧವೂ ಕ್ರಿಮಿನಾಶಕ ಕ್ರಮವೂ ಬಂದ ಮೇಲೆ ಶಸ್ತ್ರವೈದ್ಯರಿಗೆ ಧೈರ್ಯ ಹೆಚ್ಚಿತು. ಅಮೆರಿಕದ ಬಾಲ್ಟಿಮೋರಿನ ವಿಲಿಯಂ ಹಾಲ್‌ಸ್ಟೆಡ್ಡನು ಸ್ತನದೊಂದಿಗೆ ಎದೆಯ ಮಾಂಸಖಂಡಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದುಹಾಕುವ ತನ್ನ ಕ್ರಮವನ್ನು 1894ರಲ್ಲಿ ಪ್ರಕಟಿಸಿದನು. ಅದು ಮುಕ್ಕಾಲು ಶತಮಾನಕ್ಕೂ ಮಿಕ್ಕು ಲೋಕದಲ್ಲಿ ರೂಢಿಯಾಗಿದ್ದಿತು. ಬೇಗ ಬಂದರೆ ಪ್ರಾಣ ಉಳಿದೀತು ಎಂಬುದು ವೈದ್ಯರ ಬೋಧೆ. ಬಂದರೆ ಇಂಥ ಕತ್ತಿ ಕಾದಿದೆ ಎಂಬುದು ಹೆಂಗಸರ ಭಯ. ಬೋಧೆಯೂ ಭಯವೂ ಒಂದೇ ಬಾಗಿಲಿನಲ್ಲಿ ನಿಂತಿದ್ದುವು.

1913ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ನಿವಾರಣೆಗಾಗಿ ಒಂದು ಸಂಘವು ಸ್ಥಾಪಿತವಾಯಿತು. ಅದೇ ವರ್ಷ ಹೆಂಗಸರ ಮಾಸಪತ್ರಿಕೆಯೊಂದರಲ್ಲಿ ಈ ರೋಗವನ್ನು ಕುರಿತು ಲೇಖನ ಬಂದಿತು. ಅಲ್ಲಿಯವರೆಗೆ ಪಿಸುಮಾತಿನಲ್ಲಿದ್ದ ವಿಷಯವು ಅಚ್ಚಿನಲ್ಲಿ ಕಾಣಿಸಿಕೊಂಡಿತು. 1936ರಿಂದ ಸಂಘದ ಸ್ತ್ರೀಸೇವಕಿಯರ ದಳವು ಊರೂರಿನಲ್ಲಿ ಪ್ರಚಾರವನ್ನು ಕೈಗೊಂಡಿತು. 1945ರಲ್ಲಿ ಈ ಸಂಘಕ್ಕೆ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯೆಂಬ ಹೆಸರು ಬಂದಿತು. 1950ರಲ್ಲಿ ಸ್ವಹಸ್ತಪರೀಕ್ಷೆಯ ಕ್ರಮವನ್ನು ತೋರಿಸುವ ಒಂದು ಚಲಚ್ಚಿತ್ರವು ಸೊಸೈಟಿಯ ವತಿಯಿಂದ ಸಿದ್ಧವಾಯಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಶಸ್ತ್ರವೈದ್ಯನಾದ ಹಾಗೆನ್‌ಸೆನ್ನನು ಈ ಕ್ರಮದ ಮುಖ್ಯ ಪ್ರತಿಪಾದಕ.

ಆ ಕ್ರಮವು ಹೀಗಿದೆ. ಮಾಸಿಕಸ್ರಾವ ನಿಂತ ಕೆಲವು ದಿನಗಳ ಮೇಲೆ ಸ್ತನವು ಮೃದುವಾಗಿರುತ್ತದೆಯಾದ್ದರಿಂದ ಅದೇ ತಕ್ಕ ಕಾಲ. ಮುಟ್ಟು ನಿಂತವರು ತಿಂಗಳಲ್ಲೊಂದು ದಿನವನ್ನು ಗೊತ್ತುಮಾಡಿಕೊಳ್ಳಬೇಕು. ಮೊದಲು ಕನ್ನಡಿಯ ಮುಂದೆ ಕುಳಿತು, ತೋಳುಗಳನ್ನು ಇಳಿಬಿಟ್ಟು ಒಮ್ಮೆ, ಮೇಲಕ್ಕೆತ್ತಿ ಒಮ್ಮೆ ನೋಡಬೇಕು. ಒಂದು ಪಕ್ಕದ ಆಕಾರ ಹೊಸದಾಗಿ ಬದಲಾಗಿದೆಯೆ, ಚರ್ಮದಲ್ಲಿ ಗುಳಿ ಬಿದ್ದಿದೆಯೆ, ಕಿತ್ತಿಳೆಯ ಸಿಪ್ಪೆಯಂತೆ ತೂತುತೂತಾಗಿದೆಯೆ, ತೊಟ್ಟು ಒಳಕ್ಕೆ ಸೆಳೆದುಕೊಂಡಿದೆಯೆ ಎಂದು ಪರೀಕ್ಷಿಸಬೇಕು. ತೊಟ್ಟಿನಿಂದ ರಕ್ತ ಒಸರಿದರೆ ಅದೂ ಕಡೆಗಣಿಸತಕ್ಕದ್ದಲ್ಲ. ಆಮೇಲೆ ಭುಜದ ಕೆಳಗೆ ದಿಂಬನ್ನಿಟ್ಟು ಮಲಗಿ, ಎದುರು ಕೈಯ ಬೆರಳುಗಳನ್ನು ಚಪ್ಪಟೆಯಾಗಿ ಹಿಡಿದು, ತೋಳನ್ನು ತಲೆಯ ಮೇಲಿಟ್ಟುಕೊಂಡು ಒಳಭಾಗವನ್ನೂ, ತೋಳನ್ನು ಪಕ್ಕಕ್ಕಿಳಿಸಿ ಹೊರಭಾಗವನ್ನೂ, ಕಡೆಗೆ ಕಂಕುಳನ್ನೂ ಮೆಲ್ಲಗೆ ಒತ್ತಿ ನೋಡಬೇಕು. ಚಿವುಟಿ ಹಿಡಿದರೆ ಆರೋಗ್ಯವಾದ ಅಂಗವೂ ಗಂಟಿನಂತೆ ತೋರುವುದು. ಹೊಸಬರು ವೃಥಾ ಹೆದರುವುದು ಬಹುಮಟ್ಟಿಗೆ ಇದರಿಂದಲೇ. ಕೈಗೆ ಸಿಕ್ಕುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೆಂಬುದೂ ನಿಜ. ಆದರೆ ಯಾವುದು ಅಲ್ಲವೆಂದು ನಿರ್ಣಯಿಸುವುದು ಬೆರಳಿನಿಂದಾಗುವ ಕೆಲಸವಲ್ಲ.

ಗಂಟನ್ನು ಕಂಡುಕೊಂಡ ಕೈಗೆ ಮುಂದಿನ ನಿರ್ಧಾರದಲ್ಲಿ ಪಾಲು ಬಹುಕಾಲ ಇರಲಿಲ್ಲ. ಪರೀಕ್ಷೆಗೆಂದು ಮೂರ್ಛೆಗೆ ಒಳಗಾದ ಹೆಂಗಸು ಎಚ್ಚರಗೊಂಡಾಗ ಸ್ತನವಿದೆಯೋ ಇಲ್ಲವೋ ಎಂದು ತಡವಿ ತಿಳಿಯಬೇಕಾಗಿದ್ದಿತು. 1974ರಲ್ಲಿ ತನ್ನ ಗಂಟನ್ನು ತಾನೇ ಕಂಡುಕೊಂಡ ಅಮೆರಿಕದ ಪತ್ರಿಕಾ ಲೇಖಕಿ ರೋಸ್ ಕುಶ್ನರ್ ಈ ಪದ್ಧತಿಗೆ ಒಪ್ಪದೆ, ಪರೀಕ್ಷೆ ಬೇರೆ, ಶಸ್ತ್ರಕ್ರಿಯೆ ಬೇರೆಯಾಗಬೇಕೆಂದು ವಾದಿಸಿದಳು; 1979ರಲ್ಲಿ ಆಕೆಯೂ ಸದಸ್ಯೆಯಾಗಿದ್ದ ತಜ್ಞರ ಮಂಡಲಿಯು ಅದನ್ನೇ ಶಿಫಾರಸು ಮಾಡಿತು. 1974ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷರ ಪತ್ನಿಯಾದ ಬೆಟ್ಟಿ ಫೋರ್ಡಳ ಶಸ್ತ್ರಕ್ರಿಯೆಯ ವಾರ್ತೆಯು ಮರೆಯಿಲ್ಲದೆ ಪ್ರಕಟವಾದಾಗ ಹೆಂಗಸರು ಗುಂಪುಗುಂಪಾಗಿ ಪರೀಕ್ಷೆಗೆ ಬಂದರು. ಅಟೋಸಾ ರಾಣಿಯ ಮೌನ ಮುರಿಯಲು ಇಷ್ಟು ಕಾಲ ಹಿಡಿಯಿತು. 1985ರಲ್ಲಿ ಬರ್ನಾರ್ಡ್ ಫಿಷರನ ಸಂಶೋಧನೆಯಿಂದ ಚಿಕ್ಕ ಗಂಟನ್ನು ಮಾತ್ರ ತೆಗೆದು ಕಿರಣಚಿಕಿತ್ಸೆ ಕೊಟ್ಟರೂ ಆಯುಸ್ಸಿಗೆ ಕೊರತೆಯಿಲ್ಲವೆಂದು ತಿಳಿದುಬಂದಿತು. ಕತ್ತಿಯ ಭಯವೂ ಅಷ್ಟರಮಟ್ಟಿಗೆ ಇಳಿಯಿತು.

ಇಂತಿರಲು ಸ್ವಹಸ್ತಪರೀಕ್ಷೆಯೇ ಒರೆಗಲ್ಲಿಗೆ ಬಂದಿತು. ಚೀನಾದ ಶಾಂಘಾಯಿಯ 519 ಬಟ್ಟೆ ಗಿರಣಿಗಳ 2,66,064 ಹೆಂಗಸರನ್ನು ಎರಡು ಪಂಗಡ ಮಾಡಿ, 1989ರಿಂದ ಒಂದು ಪಂಗಡಕ್ಕೆ ಕೃತಕ ಸ್ತನಗಳ ಮೇಲೆ ಕೈಯಾಡಿಸಿ ಗಂಟು ಗುರುತಿಸುವುದನ್ನು ಕಲಿಸಿ, ವರ್ಷಗಟ್ಟಲೆ ಅಭ್ಯಾಸ ಮಾಡಿಸಲಾಯಿತು. ಇನ್ನೊಂದು ಪಂಗಡಕ್ಕೆ ಆ ಶಿಕ್ಷಣವಿರಲಿಲ್ಲ. 2002ರಲ್ಲಿ ಪ್ರಕಟವಾದ ಫಲವು ಅನೇಕರನ್ನು ಬೆರಗುಗೊಳಿಸಿತು: ಕಲಿತವರಲ್ಲಿ ಈ ರೋಗದಿಂದ ಸತ್ತವರು 135, ಕಲಿಯದವರಲ್ಲಿ 131. ಕಲಿತವರಲ್ಲಿ ನಿರಪಾಯದ ಗಂಟುಗಳಿಗಾಗಿ ಆದ ಓಡಾಟ ಮಾತ್ರ ಹೆಚ್ಚುಕಡಿಮೆ ಇಮ್ಮಡಿ. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯು ತಾನೇ ಹರಡಿದ ಮಾಸಿಕ ವಿಧಿಯನ್ನು 2003ರಲ್ಲಿ ಐಚ್ಛಿಕವೆಂದು ಸಾರಿತು. 2015ರಲ್ಲಿ ಅದರ ಶಿಫಾರಸನ್ನೂ ಕೈಬಿಟ್ಟಿತು. ತನ್ನ ಮೈಯ ಸಹಜಸ್ಥಿತಿಯನ್ನು ಅರಿತಿದ್ದು, ಹೊಸದೇನಾದರೂ ಕಂಡೊಡನೆ ವೈದ್ಯರಿಗೆ ತಿಳಿಸಬೇಕೆಂಬ ಉಪದೇಶವನ್ನು ಮಾತ್ರ ಉಳಿಸಿಕೊಂಡಿತು. ಶಾಂಘಾಯಿಯ ಫಲವನ್ನು ಓದಿ ಗಂಟು ಕಂಡರೂ ಸುಮ್ಮನಿರಬಹುದೆಂದು ತಿಳಿದವರು ಅದನ್ನು ತಪ್ಪಾಗಿ ಓದಿದರು. ಅಲ್ಲಿ ತೂಗಿ ನೋಡಿದುದು ತಿಂಗಳು ತಿಂಗಳ ಕಸರತ್ತನ್ನು. ಕಂಡ ಗಂಟನ್ನು ಮುಚ್ಚಿಡುವುದನ್ನಲ್ಲ.

ಭಾರತದಲ್ಲಿ ಪ್ರಶ್ನೆಯು ಬೇರೆ ರೂಪ ತಾಳಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ನಗರದ ಬಡ ಬಸತಿಗಳ 35ರಿಂದ 64 ವಯಸ್ಸಿನ 1,51,538 ಹೆಂಗಸರನ್ನು ಆರಿಸಿಕೊಂಡರು. ಅವರಲ್ಲಿ ಅರ್ಧದಷ್ಟು ಮಂದಿಯನ್ನು ತರಬೇತಾದ ಆರೋಗ್ಯ ಸೇವಕಿಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿ, ರೋಗದ ಕುರುಹುಗಳನ್ನು ಮನೆಮಾತಿನಲ್ಲಿ ಹೇಳಿಕೊಟ್ಟರು. ಸೇವಕಿಯರಾದರೋ ವೈದ್ಯೆಯರಲ್ಲ, ಪ್ರೌಢಶಾಲೆಯವರೆಗೆ ಓದಿದವರು. 2021ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಈ ಪಂಗಡದಲ್ಲಿ ರೋಗವು ಮುಂಚಿತವಾಗಿಯೇ ಪತ್ತೆಯಾಗಿ, ಬಲಿತ ಹಂತದಲ್ಲಿ ಬಂದವರ ಪ್ರಮಾಣ ಕಡಮೆಯಾಗಿದ್ದಿತು. ಎಲ್ಲ ವಯಸ್ಸಿನವರನ್ನೂ ಕೂಡಿ ನೋಡಿದರೆ ಮರಣದಲ್ಲಿ ಖಚಿತವಾದ ಇಳಿತ ಸಿದ್ಧವಾಗಲಿಲ್ಲ. 50 ದಾಟಿದವರಲ್ಲಿ ಮಾತ್ರ ಅದು ನೂರಕ್ಕೆ ಸುಮಾರು 30ರಷ್ಟು ತಗ್ಗಿತ್ತು. ಯಂತ್ರವಿಲ್ಲದೆ, ಹೆಂಗಸಿನ ಮೈಯನ್ನು ಇನ್ನೊಬ್ಬ ಹೆಂಗಸು ಮುಟ್ಟಿ ನೋಡಿ, ಆಸ್ಪತ್ರೆಗೆ ಹೋಗೆಂದು ಹೇಳಿದುದರಿಂದ ಆದ ಕೆಲಸವಿದು.