ಸೈಲೆನ್ಸರ್ ಕೊಳವೆಯಲ್ಲಿ ಪ್ಲಾಟಿನಂ

ಎಡಕುಮೇರಿ ಕಾಡಿನ ಸಮೀಪ ಶಿರಾಡಿ ಘಾಟಿ ಹತ್ತುವ ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ ಮತ್ತು ಸೈಲೆನ್ಸರ್ ನಡುವೆ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಜೇನುಹಟ್ಟಿಯಂಥ ಅದರ ಪಿಂಗಾಣಿಗೆ ಲೇಪಿಸಿದ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಹೊಗೆಯ ವಿಷ ಇಳಿಸುತ್ತವೆ. 1995ರಲ್ಲಿ ದೇಶದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು.

ಚನ್ನಗಿರಿ ತಾಲ್ಲೂಕಿನ ಹನುಮಲಾಪುರದ ಶಿಲೆಗಳಲ್ಲೂ ಪ್ಲಾಟಿನಂ, ಪಲ್ಲಾಡಿಯಂ ಪತ್ತೆಯಾಗಿವೆ. ಗಣಿಗಳ ಅದಿರಿನಲ್ಲಿ ಟನ್ನಿಗೆ ಸಾಮಾನ್ಯವಾಗಿ ಕೆಲವೇ ಗ್ರಾಂ ಸಿಗುವ ಈ ಲೋಹಗಳು ಹಳೆಯ ಕನ್ವರ್ಟರ್ ಪಿಂಗಾಣಿಯಲ್ಲಿ ಟನ್ನಿಗೆ ಒಂದು ಕಿಲೋ ದಾಟಬಲ್ಲವು.

ಈ ಲೋಹಗಳನ್ನು ಮರಳಿ ಪಡೆಯಲು ಪಿಂಗಾಣಿಯನ್ನು ಕುಲುಮೆಯಲ್ಲಿ ಕರಗಿಸಿದರೆ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು; ನೈಟ್ರಿಕ್ ಆಮ್ಲ ಬಳಸಿದರೆ ವಿಷಾನಿಲ ಏಳುತ್ತದೆ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದರೆ 100 ಡಿಗ್ರಿಯೊಳಗೇ ಲೋಹ ಕರಗುತ್ತದೆ. ಮಿಕ್ಕ ಪೆರಾಕ್ಸೈಡ್ ನೀರು, ಆಮ್ಲಜನಕವಾಗಿ ಒಡೆಯುತ್ತದೆ. ಉಳಿದ ಆಮ್ಲ ಮಾತ್ರ ಹೊಳೆ ಸೇರಬಾರದು.

ಹಳೆಯ ಕನ್ವರ್ಟರನ್ನು ಅಧಿಕೃತ ಮರುಬಳಕೆ ಘಟಕಕ್ಕೇ ಕೊಡಿ.