ಅಗ್ಗದ ವಿಮಾನ, ದ್ವೀಪದ ಬಿಡಾರ



ದ್ವೀಪಕ್ಕೆ ಬಸ್ಸಿನಲ್ಲಿ ಹೋಗಲು ಬರುವುದಿಲ್ಲ. ಹಡಗು ಹಿಡಿಯಬೇಕು, ಇಲ್ಲವೇ ವಿಮಾನ ಹತ್ತಬೇಕು. ಆದ್ದರಿಂದ ದ್ವೀಪಪ್ರವಾಸದ ಲೆಕ್ಕದಲ್ಲಿ ಪ್ರಯಾಣದ ಖರ್ಚಿಗೆ ದೊಡ್ಡ ಪಾಲಿದೆ. ಈ ಪಾಲು ಕಡಿಮೆಯಾದರೆ ಪ್ರವಾಸವೂ ಅಷ್ಟೇ ಅಗ್ಗವಾಗುತ್ತದೆಯೇ? ಮೆಡಿಟರೇನಿಯನ್ ಸಮುದ್ರದ ದ್ವೀಪಗಳ ಎಪ್ಪತ್ತೈದು ವರ್ಷಗಳ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರವಿದೆ.

ಎರಡನೇ ಮಹಾಯುದ್ಧ ಮುಗಿದ ಕಾಲವನ್ನು ನೆನಪಿಗೆ ತಂದುಕೊಳ್ಳಿ. ಬ್ರಿಟನ್ನಿನಲ್ಲಿ ಆಗ ಇನ್ನೂ ಪಡಿತರದ ದಿನಗಳು. ಯೂರೋಪಿನ ಊರುಗಳಿಗೆ ವೇಳಾಪಟ್ಟಿಯಂತೆ ವಿಮಾನ ಹಾರಿಸುವ ಹಕ್ಕು ಹೆಚ್ಚಾಗಿ ಸರಕಾರಿ ಸಂಸ್ಥೆಯದೇ ಆಗಿತ್ತು. ದರ ಗೊತ್ತುಮಾಡುವುದರಲ್ಲಿ ಪೈಪೋಟಿ ಇರಲಿಲ್ಲ. ವಿಮಾನವೆಂದರೆ ಸಿರಿವಂತರ ವಾಹನ ಎಂಬ ಭಾವನೆ ಬೇರೂರಿತ್ತು.

ಈ ಭಾವನೆಯನ್ನು ಅಲುಗಿಸಿದವನು ವ್ಲಾದಿಮಿರ್ ರೈಟ್ಜ್. ಮಾಸ್ಕೋದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಓದಿ, ಸುದ್ದಿಸಂಸ್ಥೆಯೊಂದರಲ್ಲಿ ದುಡಿಯುತ್ತಿದ್ದ ಯುವಕ. 1949ರಲ್ಲಿ ಆತ ಕಾರ್ಸಿಕಾ ದ್ವೀಪದ ಕಾಲ್ವಿ ಎಂಬ ಊರಿಗೆ ಹೋದ. ರೈಲು, ಹಡಗುಗಳನ್ನು ಹಿಡಿದು ಅಲ್ಲಿಗೆ ತಲುಪುವುದೇ ದೊಡ್ಡ ಪ್ರಯಾಸವಾಗಿತ್ತು. ಅಜ್ಜಿ ಬಿಟ್ಟುಹೋಗಿದ್ದ ಹಣವನ್ನು ಬಂಡವಾಳವಾಗಿ ಹೂಡಿ ಆತ ‘ಹೊರೈಜನ್’ ಎಂಬ ಪ್ರವಾಸ ಸಂಸ್ಥೆಯನ್ನು ತೆರೆದ. 1950ರ ಮೇ ತಿಂಗಳಲ್ಲಿ ಬಾಡಿಗೆಗೆ ಪಡೆದ ಡಕೋಟಾ ವಿಮಾನವೊಂದು ಕಾಲ್ವಿಗೆ ಹಾರಿತು. ಹೋಗಿಬರುವ ಪ್ರಯಾಣ, ಎರಡು ವಾರ ಡೇರೆಯಲ್ಲಿ ವಾಸ, ಊಟ ಎಲ್ಲ ಸೇರಿ ಬೆಲೆ 32 ಪೌಂಡ್ 10 ಷಿಲಿಂಗ್.

ಇಲ್ಲಿ ನಿಮಗೆ ಆಸಕ್ತಿ ಹುಟ್ಟಿಸುವ ಒಂದು ಸಂಗತಿಯಿದೆ. ಸರಕಾರ ಈ ಹಾರಾಟಕ್ಕೆ ಅನುಮತಿ ಕೊಟ್ಟಿದ್ದು ಒಂದು ಷರತ್ತಿನ ಮೇಲೆ: ಪ್ರಯಾಣಿಕರು ವಿದ್ಯಾರ್ಥಿಗಳೋ ಶಿಕ್ಷಕರೋ ಆಗಿರಬೇಕು. ಹೀಗೆ, ಅಗ್ಗದ ದ್ವೀಪಪ್ರವಾಸದ ಈ ಅಧ್ಯಾಯ ತರಗತಿಯವರಿಂದಲೇ ಶುರುವಾಯಿತು.

ದರ ಇಷ್ಟು ಇಳಿದದ್ದು ಹೇಗೆ? ಲೆಕ್ಕ ಸುಲಭ. ಒಂದು ಹಾರಾಟಕ್ಕೆ 3,200 ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ. 16 ಜನ ಕೂತರೆ ತಲೆಗೆ 200 ರೂಪಾಯಿ. 32 ಜನ ಕೂತರೆ 100 ರೂಪಾಯಿ. ವೇಳಾಪಟ್ಟಿಯ ವಿಮಾನ ಜನರಿರಲಿ ಬಿಡಲಿ ಹೊರಡಲೇಬೇಕು. ಇಡಿಯಾಗಿ ಬಾಡಿಗೆಗೆ ಪಡೆದ ವಿಮಾನವನ್ನು ಮುಂಚಿತವಾಗಿ ಜನ ಕೂಡಿಸಿಕೊಂಡು ತುಂಬಿಸಬಹುದು. ಮುಂದೆ ಬಂದ ಎಲ್ಲ ಅಗ್ಗದ ವಿಮಾನಗಳ ಗುಟ್ಟೂ ಖಾಲಿ ಸೀಟು ಉಳಿಸದಿರುವುದರಲ್ಲೇ ಇದೆ.

1952ರಲ್ಲಿ ಹೊರೈಜನ್ ಸ್ಪೇನಿನ ಮಯೋರ್ಕಾ ದ್ವೀಪದ ಪಾಲ್ಮಾ ನಗರಕ್ಕೆ ಹಾರತೊಡಗಿತು. 1959ರಲ್ಲಿ ಸ್ಪೇನ್ ತನ್ನ ನಾಣ್ಯದ ಬೆಲೆಯನ್ನು ಇಳಿಸಿತು; ಹೊರಗಿನಿಂದ ಬಂದವರಿಗೆ ಅಲ್ಲಿಯ ಊಟ, ವಸತಿ ಇನ್ನಷ್ಟು ಅಗ್ಗವಾದವು. ಜೆಟ್ ವಿಮಾನಗಳು ಬಂದವು, ಸಮುದ್ರತೀರದಲ್ಲಿ ಹೋಟೆಲುಗಳ ಸಾಲು ಎದ್ದಿತು. ಆದರೂ ಬ್ರಿಟನ್ನಿನ ನಿಯಮವೊಂದು ಬಹುಕಾಲ ಅಡ್ಡವಾಗಿತ್ತು. ಪ್ರಯಾಣ, ವಸತಿ ಎರಡೂ ಸೇರಿದ ಪ್ಯಾಕೇಜಿನ ಬೆಲೆ, ಅದೇ ಊರಿಗೆ ವೇಳಾಪಟ್ಟಿಯ ವಿಮಾನದಲ್ಲಿ ಹೋಗಿಬರುವ ದರಕ್ಕಿಂತ ಕಡಿಮೆ ಇರಬಾರದು ಎಂಬುದೇ ಆ ನಿಯಮ. ಅದು ಸಡಿಲವಾದದ್ದು 1970ರ ದಶಕದ ಮೊದಲ ವರ್ಷಗಳಲ್ಲಿ.

ನಿಯಮ ಸಡಿಲಗೊಂಡಾಗ ಪೈಪೋಟಿ ಮಿತಿಮೀರಿತು. ಲಾಭವೇ ಇಲ್ಲದಷ್ಟು ಕಡಿಮೆ ದರಕ್ಕೆ ಪ್ರವಾಸಗಳು ಮಾರಾಟವಾದವು. 1973ರಲ್ಲಿ ತೈಲದ ಬೆಲೆ ಏರಿದಾಗ ಈ ಕಟ್ಟಡ ಅಲುಗಾಡಿತು. 1974ರ ಆಗಸ್ಟಿನಲ್ಲಿ ‘ಕೋರ್ಟ್ ಲೈನ್’ ಎಂಬ ದೊಡ್ಡ ಸಂಸ್ಥೆ ದಿವಾಳಿಯೆದ್ದಿತು. ಕಷ್ಟಕ್ಕೆ ಸಿಲುಕಿದ್ದ ಹೊರೈಜನ್ ಅಷ್ಟರಲ್ಲಿ ಅದರ ಕೈಸೇರಿತ್ತು. ಹತ್ತಾರು ಸಾವಿರ ಪ್ರವಾಸಿಗಳು ಪರದೇಶದಲ್ಲಿ ಸಿಕ್ಕಿಬಿದ್ದರು. ಇನ್ನೆಷ್ಟೋ ಮಂದಿ ಮುಂಗಡ ಕಟ್ಟಿ ಮನೆಯಲ್ಲೇ ಉಳಿದರು. ಇಂಥವರ ಹಣ ಮರಳಿಸಲು 1975ರಲ್ಲಿ ಬ್ರಿಟನ್ ಒಂದು ಮೀಸಲು ನಿಧಿಯ ಕಾಯಿದೆಯನ್ನು ಮಾಡಿತು. ದರ ಇಳಿದರೆ ಸಾಲದು, ಗ್ರಾಹಕನಿಗೆ ರಕ್ಷಣೆಯೂ ಬೇಕು ಎಂಬುದು ಆಗ ಅನುಭವಕ್ಕೆ ಬಂತು.

ಎರಡನೆಯ ಅಲೆ ಬಂದದ್ದು 1990ರ ದಶಕದಲ್ಲಿ. 1993ರಿಂದ ಯೂರೋಪಿನ ಒಕ್ಕೂಟದಲ್ಲಿ ವಿಮಾನ ಸಂಸ್ಥೆಗಳು ದರವನ್ನು ತಾವೇ ಗೊತ್ತುಮಾಡುವ ಸ್ವಾತಂತ್ರ್ಯ ಪಡೆದವು. ಅಮೆರಿಕದ ಟೆಕ್ಸಾಸಿನಲ್ಲಿ 1971ರಿಂದ ಹಾರುತ್ತಿದ್ದ ‘ಸೌತ್‌ವೆಸ್ಟ್’ ಸಂಸ್ಥೆಯ ಪದ್ಧತಿಯನ್ನು ಐರ್ಲೆಂಡಿನ ‘ರಯಾನ್ಏರ್’ ಅನುಸರಿಸಿತು. 1995ರಲ್ಲಿ ‘ಈಸಿಜೆಟ್’ ಹುಟ್ಟಿತು. ಒಂದೇ ಬಗೆಯ ವಿಮಾನಗಳು, ಇಳಿದ ಸ್ವಲ್ಪ ಹೊತ್ತಿಗೇ ಮತ್ತೆ ಹಾರಾಟ, ಪುಕ್ಕಟೆ ಊಟವಿಲ್ಲ, ಟಿಕೆಟ್ ಮಾರಾಟ ನೇರ. ನಮ್ಮ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ‘ಏರ್ ಡೆಕ್ಕನ್’ ಆರಂಭಿಸಿದಾಗ ಹಿಡಿದದ್ದೂ ಇದೇ ದಾರಿಯನ್ನು.

ಇದರಿಂದ ದ್ವೀಪಪ್ರವಾಸದ ರೂಪವೇ ಬದಲಾಯಿತು. ಟಿಕೆಟ್ಟು ಬೇರೆ, ಕೊಠಡಿ ಬೇರೆಯಾಗಿ ಕೊಳ್ಳುವ ರೂಢಿ ಬೆಳೆಯಿತು. ಎರಡು ವಾರದ ರಜೆಯ ಬದಲು ಮೂರು ದಿನಕ್ಕೂ ಹೋಗಿಬರಬಹುದಾಯಿತು. ಆದರೆ ಒಂದೇ ಸೀಟಿನ ಬೆಲೆ ನವೆಂಬರಿನಲ್ಲಿ ಒಂದು, ಶಾಲೆಗಳಿಗೆ ರಜೆಯಿರುವ ಆಗಸ್ಟಿನಲ್ಲಿ ಅದರ ಹಲವು ಪಟ್ಟು. ಪೆಟ್ಟಿಗೆಗೆ ಬೇರೆ ಶುಲ್ಕ, ಬೇಕಾದ ಸೀಟಿಗೆ ಬೇರೆ ಶುಲ್ಕ. ಮಕ್ಕಳೊಂದಿಗೆ ಹೊರಟ ಸಂಸಾರಕ್ಕೆ ಜಾಹೀರಾತಿನ ದರ ಸಿಗುವುದು ಅಪರೂಪ.

ಇನ್ನೊಂದು ಮುಖವನ್ನೂ ನೋಡಿ. ವಿಮಾನಗಳನ್ನು ಹೆಚ್ಚಿಸಬಹುದು, ದ್ವೀಪವನ್ನು ಹಿಗ್ಗಿಸಲಾಗದು. ಮಯೋರ್ಕಾ ನಮ್ಮ ಕೊಡಗು ಜಿಲ್ಲೆಗಿಂತ ಚಿಕ್ಕದು. ಪಾಲ್ಮಾ ವಿಮಾನ ನಿಲ್ದಾಣವನ್ನು 2024ರಲ್ಲಿ ಬಳಸಿದ ಪ್ರಯಾಣಿಕರ ಲೆಕ್ಕ 3.3 ಕೋಟಿಯಷ್ಟು. ಬರುವವರು ಹೆಚ್ಚಿದಂತೆ ಬಿಡಾರದ ಬೇಡಿಕೆ ಹೆಚ್ಚುತ್ತದೆ, ಬಾಡಿಗೆ ಏರುತ್ತದೆ. ಮನೆಗಳನ್ನು ಪ್ರವಾಸಿಗಳಿಗೆ ದಿನದ ಲೆಕ್ಕದಲ್ಲಿ ಕೊಡುವುದು ಲಾಭವಾದಾಗ, ಅಲ್ಲಿಯೇ ದುಡಿಯುವ ಶಿಕ್ಷಕನಿಗೂ ದಾದಿಗೂ ಮನೆ ಸಿಗುವುದು ಕಷ್ಟವಾಗುತ್ತದೆ. 2024ರಲ್ಲಿ ಪಾಲ್ಮಾದ ಬೀದಿಗಳಲ್ಲಿ ಸಾವಿರಾರು ಜನ ಮೆರವಣಿಗೆ ನಡೆಸಿದ್ದು ಈ ಕಾರಣಕ್ಕೇ. ತಂಗುವ ಪ್ರವಾಸಿಗಳ ಮೇಲೆ ದ್ವೀಪ ಸರಕಾರ 2002ರಲ್ಲಿ ಒಂದು ತೆರಿಗೆ ಹಾಕಿತು, ಮರುವರ್ಷ ರದ್ದುಮಾಡಿತು, 2016ರಲ್ಲಿ ಮತ್ತೆ ಜಾರಿಗೆ ತಂದಿತು. ವಿಮಾನದಲ್ಲಿ ಉಳಿದ ಹಣದ ಒಂದಿಷ್ಟು ಹೀಗೆ ನೆಲದ ಮೇಲೆ ಖರ್ಚಾಗುತ್ತದೆ.

ಹಾಗೆಂದು ಅಗ್ಗದ ವಿಮಾನವನ್ನು ಹಳಿಯುವುದು ಸರಿಯಲ್ಲ. ಕಾರ್ಖಾನೆಯ ಕೆಲಸಗಾರನೂ ಅಂಗಡಿಯ ಗುಮಾಸ್ತೆಯೂ ಸಮುದ್ರ ದಾಟಿ ನಾಲ್ಕು ದಿನ ಬಿಸಿಲು ಕಾಯಿಸಿಕೊಂಡು ಬರುವಂತಾದದ್ದು ಸಣ್ಣ ಸಾಧನೆಯಲ್ಲ. ಬಡ ಕೃಷಿಯನ್ನೇ ನಂಬಿದ್ದ ದ್ವೀಪದ ಅನೇಕ ಸಂಸಾರಗಳಿಗೆ ಅನ್ನ ದೊರಕಿದ್ದೂ ಇದರಿಂದಲೇ. ಕಡಿಮೆ ದರದ ಪ್ರವಾಸದ ಜಾಹೀರಾತು ಕಣ್ಣಿಗೆ ಬಿದ್ದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಒಟ್ಟು ಖರ್ಚು ಎಷ್ಟು? ಸಂಸ್ಥೆ ಮುಳುಗಿದರೆ ಹಣ ಯಾರು ಕೊಡುತ್ತಾರೆ? ಆ ಊರಿನವರ ಪಾಲಿಗೆ ಬರುವುದೇನು? ಅಂಡಮಾನ್, ಲಕ್ಷದ್ವೀಪಗಳಿರುವ ನಮ್ಮ ದೇಶದಲ್ಲಿ ಈ ಪ್ರಶ್ನೆಗಳನ್ನು ತರಗತಿಯಲ್ಲಿ ಚರ್ಚಿಸುವುದು ಉಪಯುಕ್ತ.